ಸೂರಿನ ಮೇಲಿನ ಕಲ್ನಾರು

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕೊನೆಯ ಚೆರ್ರಿಯೂ ಚೀಲ ಸೇರಿದ ಮೇಲೆ ಹಾನುಬಾಳು ಸೀಮೆಯಲ್ಲಿ ಇನ್ನೊಂದು ಸುಗ್ಗಿ ಆರಂಭವಾಗುತ್ತದೆ. ಅದು ರಿಪೇರಿಯ ಸುಗ್ಗಿ. ಮುಂಗಾರು ಇಳಿಯುವ ಮುನ್ನ ಸೂರು ಭದ್ರವಾಗಬೇಕು. ಫೆಬ್ರವರಿಯಿಂದ ಮೇ ತಿಂಗಳವರೆಗೆ ತೋಟದ ಲೈನ್ ಮನೆಗಳು, ಗೋದಾಮುಗಳು, ದನದ ಕೊಟ್ಟಿಗೆಗಳು, ಹಳೆಯ ಬಂಗಲೆಗಳು ಒಂದೊಂದಾಗಿ ತಲೆ ಬಿಚ್ಚಿಕೊಳ್ಳುತ್ತವೆ. ಒಡೆದ ಶೀಟು ಕೆಳಗಿಳಿಯುತ್ತದೆ, ಹೊಸದು ಮೇಲೇರುತ್ತದೆ. ಅಳತೆಗೆ ಸರಿಯಾಗದ ತುದಿಯನ್ನು ಕಟಿಂಗ್ ಮಶೀನಿನಲ್ಲಿ ಕೊಯ್ಯುವಾಗ ಬಿಳಿ ಧೂಳು ಅಂಗಳವನ್ನೆಲ್ಲ ಮುಸುಕುತ್ತದೆ. ಕೆಲಸದವನು ಮೂಗಿಗೆ ಟವೆಲ್ ಸುತ್ತಿಕೊಂಡಿರುತ್ತಾನೆ, ಇಲ್ಲವೇ ಅದೂ ಇರುವುದಿಲ್ಲ. ಸಂಜೆ ಮಕ್ಕಳು ಚೂರುಗಳನ್ನು ಆಯ್ದು ಕುಂಟೆಬಿಲ್ಲೆಗೆ ಬಿಲ್ಲೆ ಮಾಡಿಕೊಳ್ಳುತ್ತಾರೆ. ಮನೆಯಾಕೆ ಒಣ ಪೊರಕೆಯಿಂದ ಅಂಗಳ ಗುಡಿಸುತ್ತಾಳೆ. ಈ ಧೂಳಿನಲ್ಲಿರುವುದು ಏನೆಂದು ಇವರಲ್ಲಿ ಬಹುಮಂದಿಗೆ ಯಾರೂ ಹೇಳಿಲ್ಲ.

ಜನರ ಬಾಯಲ್ಲಿ ಅದು ‘ಸಿಮೆಂಟ್ ಶೀಟು’. ಹೆಸರೇ ಅಪಾಯವನ್ನು ಮರೆಮಾಚುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸಿಮೆಂಟೇ ಹೌದು. ಆದರೆ ಅದನ್ನು ಒಡೆಯದಂತೆ ಹಿಡಿದಿಟ್ಟಿರುವುದು ನೂರಕ್ಕೆ ಸುಮಾರು ಎಂಟು, ಹತ್ತು ಪಾಲಿನಷ್ಟು ಬೆರೆಸಿದ ಆಸ್ಬೆಸ್ಟಾಸ್ ಎಂಬ ಖನಿಜದ ಎಳೆ. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಹೆಸರುಂಟು: ಕಲ್ನಾರು. ಕಲ್ಲೂ ಹೌದು, ನಾರೂ ಹೌದು. ಅದರ ಗುಣವೂ ಕೇಡೂ ಎರಡೂ ಈ ಒಂದೇ ಪದದಲ್ಲಿವೆ. ನಾರಾದ್ದರಿಂದ ಅದು ಸೀಳುತ್ತಲೇ ಹೋಗುತ್ತದೆ. ಕಲ್ಲಾದ್ದರಿಂದ ಕೊಳೆಯುವುದೂ ಇಲ್ಲ, ಸುಡುವುದೂ ಇಲ್ಲ.

ಈ ವಸ್ತು ಬೆಟ್ಟದ ಸೀಮೆಗೆ ಬಂದ ಬಗೆಯನ್ನು ತಿಳಿಯದೆ ಅದನ್ನು ಹಳಿಯುವುದು ಸರಿಯಲ್ಲ. ಒಂದು ಕಾಲಕ್ಕೆ ಇಲ್ಲಿನ ಮನೆಗಳದು ಹುಲ್ಲಿನ ಸೂರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟವನ್ನೇರಿತು. ಅನುಕೂಲಸ್ಥರ ಮನೆ, ಶಾಲೆ, ಬಂಗಲೆಗಳಿಗೆ ಅದೇ ಸೂರಾಯಿತು. ಆದರೆ ಹೆಂಚಿಗೆ ತೊಲೆ ಬೇಕು, ಪಕಾಸು ಬೇಕು, ಒತ್ತೊತ್ತಾಗಿ ರೀಪು ಬೇಕು. ವರ್ಷಕ್ಕೊಮ್ಮೆ ಕೈಯಾಡಿಸುವ ಆಳು ಬೇಕು. ಮಂಗಗಳ ಹಿಂಡು ಒಂದು ಸಲ ಮಾಡಿನ ಮೇಲೆ ಹಾದುಹೋದರೆ ಆ ವರ್ಷದ ಲೆಕ್ಕವೆಲ್ಲ ತಲೆಕೆಳಗು. ಶೀಟಿಗೆ ಇದಾವುದೂ ಬೇಡ. ನಾಲ್ಕು ತೊಲೆಗಳ ಮೇಲೆ ಒಂದು ದಿನದಲ್ಲಿ ಮನೆ ಮುಚ್ಚಬಹುದು. ಗೆದ್ದಲು ತಿನ್ನದು, ತುಕ್ಕು ಹಿಡಿಯದು, ಬೆಂಕಿ ಹತ್ತದು. 1951ರ ತೋಟ ಕಾರ್ಮಿಕರ ಕಾಯ್ದೆಯು ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ತೋಟಗಳ ಮೇಲೆ ಹೊರಿಸಿದ ಮೇಲೆ, ಕಡಿಮೆ ಖರ್ಚಿನಲ್ಲಿ ಸಾಲುಸಾಲಾಗಿ ಮನೆ ಕಟ್ಟಬೇಕಾದವರಿಗೆ ಶೀಟು ವರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆಯ್ದುಕೊಂಡವರಿಗೆ ಅಂದು ಅದರ ಕೇಡು ತಿಳಿದಿರಲಿಲ್ಲ. ಇಂದು ತಿಳಿದಿದೆ.

ಸೂರೊಂದೇ ಅಲ್ಲ. ಹಳೆಯ ಕಟ್ಟಡಗಳಲ್ಲಿ ಕಲ್ನಾರು ಅಡಗಿರುವ ಮೂಲೆಗಳು ಹಲವು. ಬಂಗಲೆಯ ತಾರಸಿಯ ಕೆಳಗೆ ಹೊಡೆದ ಚಪ್ಪಟೆ ಶೀಟಿನ ಒಳಮಾಡು, ಸ್ನಾನದ ಮನೆಯ ಹಂಡೆಯೊಲೆಯ ಹೊಗೆ ಕೊಳವೆ, ಏಲಕ್ಕಿ ಒಣಗಿಸುತ್ತಿದ್ದ ಗೂಡಿನ ಬಾಗಿಲ ಸುತ್ತ ಶಾಖ ಸೋರದಂತೆ ತುರುಕಿದ ಹಗ್ಗ, ಹಳೆಯ ಪಿಂಗಾಣಿ ಫ್ಯೂಸಿನೊಳಗಿನ ಬಿಳಿ ಪಟ್ಟಿ, ನೆಲದಡಿಯ ಹಳೆಯ ನೀರಿನ ಪೈಪು: ಇವುಗಳಲ್ಲಿ ಯಾವುದೂ ಕಲ್ನಾರಾಗಿರಬಹುದು. ಗಾರೆಯವರು, ಬಡಗಿಗಳು, ವೈರಿಂಗ್ ಮಾಡುವವರು, ನಲ್ಲಿ ಕೆಲಸದವರು ತಮಗರಿವಿಲ್ಲದೆ ಅದನ್ನು ಕೊರೆಯುತ್ತಾರೆ, ಕೀಳುತ್ತಾರೆ. ಶೀಟಿನಲ್ಲಿ ಕಲ್ನಾರು ಸಿಮೆಂಟಿನ ಸೆರೆಯಲ್ಲಿರುತ್ತದೆ. ಹಗ್ಗ, ಮೆತ್ತೆಗಳಲ್ಲಿ ಅದಕ್ಕೆ ಯಾವ ಸೆರೆಯೂ ಇಲ್ಲ, ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಆದ್ದರಿಂದ ಗಾತ್ರದಲ್ಲಿ ಚಿಕ್ಕದಾದ ಈ ವಸ್ತುಗಳೇ ಹೆಚ್ಚು ಭಯಂಕರ. ಜೀಪಿನ ಬ್ರೇಕ್ ಲೈನರು, ಕ್ಲಚ್ ಪ್ಲೇಟುಗಳ ಧೂಳನ್ನು ಗಾಳಿಯ ಪೈಪಿನಿಂದ ಊದಿ ತೆಗೆಯುವ ಗ್ಯಾರೇಜಿನ ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ.

ಕೇಡು ಆಗುವ ಬಗೆ ಹೀಗೆ. ಕೊಯ್ದಾಗ, ಕೊರೆದಾಗ, ಒಡೆದಾಗ ಹೊರಬೀಳುವ ಎಳೆಗಳು ತಲೆಗೂದಲನ್ನು ಉದ್ದುದ್ದಕ್ಕೆ ನೂರಾಗಿ ಸೀಳಿದರೂ ಅದಕ್ಕಿಂತ ತೆಳು. ಕಣ್ಣಿಗೆ ಕಾಣುವ ಧೂಳು ಅಂಗಳದಲ್ಲಿ ಕುಳಿತ ಮೇಲೂ ಕಾಣದ ಎಳೆಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ. ಉಸಿರಿನೊಡನೆ ಶ್ವಾಸಕೋಶದ ತಳವನ್ನು ಮುಟ್ಟಿದ ಉದ್ದನೆಯ ಎಳೆಯನ್ನು ದೇಹದ ಕಾವಲು ಕಣಗಳು ನುಂಗಲಾರವು. ಅಲ್ಲಿ ಉರಿಯೂತ ಹುಟ್ಟಿ, ಮಾಯದ ಗಾಯ ಗಂಟುಗಟ್ಟುತ್ತ ಹೋಗುತ್ತದೆ. ಹೆಚ್ಚು ಧೂಳನ್ನು ವರ್ಷಗಟ್ಟಲೆ ಕುಡಿದವರಿಗೆ ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್. ಇನ್ನು ಕೆಲವರಿಗೆ ಶ್ವಾಸಕೋಶದ ಕ್ಯಾನ್ಸರ್. ಮತ್ತೆ ಕೆಲವರಿಗೆ ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಎಂಬ, ಬಹುಮಟ್ಟಿಗೆ ಗುಣವಾಗದ ಕ್ಯಾನ್ಸರ್. ಈ ಕೊನೆಯದಕ್ಕೆ ದೀರ್ಘಕಾಲದ ಧೂಳೇ ಬೇಕೆಂದಿಲ್ಲ. ಕೆಲಸಗಾರರ ಬಟ್ಟೆ ಒಗೆದ ಹೆಂಡಂದಿರಿಗೂ ಅದು ಬಂದ ನಿದರ್ಶನಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ಶೀಟಿನಲ್ಲಿರುವ ಬಿಳಿ ಕಲ್ನಾರೂ ಸೇರಿದಂತೆ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿರಿಸಿದೆ. ಕೆಲಸದ ಸ್ಥಳದಲ್ಲಿ ಕಲ್ನಾರಿಗೆ ಒಡ್ಡಿಕೊಂಡ ಕಾರಣದಿಂದ 2016ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತಿರಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆ ನೀಡಿರುವ ಅಂದಾಜು.

ಇಷ್ಟಾದರೂ ಜನ ಎಚ್ಚರಗೊಳ್ಳದಿರಲು ಕಾರಣವುಂಟು. ಧೂಳು ಕುಡಿದ ದಿನ ಏನೂ ಆಗುವುದಿಲ್ಲ. ರೋಗ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ಬೇಕು. ಇಪ್ಪತ್ತರ ಹರೆಯದಲ್ಲಿ ಶೀಟು ಕೊಯ್ದವನಿಗೆ ಐವತ್ತೈದರಲ್ಲಿ ಏದುಸಿರು ಬಂದರೆ ಎರಡನ್ನೂ ಯಾರು ಜೋಡಿಸಿ ನೋಡುತ್ತಾರೆ? ‘ನಮ್ಮಪ್ಪ ಜೀವಮಾನವೆಲ್ಲ ಇದನ್ನೇ ಮಾಡಿದರು, ಏನೂ ಆಗಲಿಲ್ಲ’ ಎಂಬ ಮಾತು ಬೀಡಿಯ ವಿಷಯದಲ್ಲಿಯೂ ಕೇಳಿಬರುತ್ತದೆ. ಈ ಎರಡೂ ಒಂದೆಡೆ ಕೂಡಿದಾಗ ಆಗುವುದು ಕೂಡುಲೆಕ್ಕವಲ್ಲ, ಗುಣಾಕಾರ. ಅಮೆರಿಕ ಮತ್ತು ಕೆನಡಾಗಳಲ್ಲಿ ಕಲ್ನಾರಿನ ಶಾಖನಿರೋಧಕ ಹೊದಿಕೆ ಹಾಕುತ್ತಿದ್ದ ಕೆಲಸಗಾರರನ್ನು ಕುರಿತು 1979ರಲ್ಲಿ ಪ್ರಕಟವಾದ ಅಧ್ಯಯನವು, ಎರಡೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾವು ಕಲ್ನಾರಿನಿಂದ ಸುಮಾರು ಐದು ಪಟ್ಟು, ಧೂಮಪಾನದಿಂದ ಸುಮಾರು ಹತ್ತು ಪಟ್ಟು, ಎರಡೂ ಸೇರಿದಾಗ ಐವತ್ತು ಪಟ್ಟಿಗೂ ಹೆಚ್ಚು ಎಂದು ತೋರಿಸಿತು. ಅವರು ಕುಡಿದ ಧೂಳು ಇಲ್ಲಿನ ಶೀಟಿನ ಕೆಲಸದವನ ಪಾಲಿನದಕ್ಕಿಂತ ಬಹಳ ಹೆಚ್ಚಿದ್ದಿರಬೇಕು. ಆದರೂ ಬೀಡಿ ಕಚ್ಚಿಕೊಂಡೇ ಶೀಟು ಕೊಯ್ಯುವವನಿಗೆ ಆ ಲೆಕ್ಕದಲ್ಲಿ ತಿಳಿಯಬೇಕಾದ್ದು ಇದೆ.

ಹಾಗೆಂದು ಶೀಟಿನ ಮನೆಯಲ್ಲಿ ಮಲಗುವವರೆಲ್ಲ ಇಂದೇ ಹೊರಗೋಡಬೇಕಾಗಿಲ್ಲ. ಬಿರುಕಿಲ್ಲದ, ಯಾರೂ ಮುಟ್ಟದ ಶೀಟು ಗಾಳಿಗೆ ಬಿಡುವ ಎಳೆ ಅತ್ಯಲ್ಪ. ಗಾಬರಿಯಿಂದ ಎಲ್ಲವನ್ನೂ ಕಿತ್ತೆಸೆಯುವುದೇ ಹೆಚ್ಚು ಅಪಾಯದ ದಾರಿ. ಆದರೆ ಮಲೆನಾಡಿನ ಮಳೆಯ ಮಾತು ಬೇರೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮೀರುವ ಮಳೆ ಹೊಡೆದು ಹೊಡೆದು ಮೇಲ್ಮೈಯ ಸಿಮೆಂಟು ಕರಗುತ್ತದೆ. ಪಾಚಿ, ಕಲ್ಲುಹೂವು ಬೇರೂರುತ್ತವೆ. ಮೂವತ್ತು ವರ್ಷದ ಶೀಟಿನ ಮೇಲೆ ಕೈಯಾಡಿಸಿದರೆ ನಾರು ನಾರಾಗಿ ಬೆರಳಿಗೆ ಹತ್ತುತ್ತದೆ. ಬೇಸಗೆಯಲ್ಲಿ ಆ ಒಣ ಪಾಚಿಯನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ ತೆಗೆಯುವುದು ಈ ಸೀಮೆಯ ವಾಡಿಕೆ. ಶೀಟನ್ನು ಕೊಯ್ಯುವುದನ್ನು ಬಿಟ್ಟರೆ ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಮಾಡಿನ ನೀರನ್ನು ಹಿಡಿದಿಟ್ಟು ಕುಡಿಯುವವರು ಕೇಳುವ ಪ್ರಶ್ನೆಯೂ ಒಂದಿದೆ. ಕಲ್ನಾರಿನ ಮುಖ್ಯ ಕೇಡು ಉಸಿರಿನ ಮೂಲಕ. ನೀರಿನ ಮೂಲಕ ಹೊಟ್ಟೆಗೆ ಹೋದ ಎಳೆಯಿಂದ ರೋಗ ಬರುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೂ ಸವೆದ ಶೀಟಿನ ಮೊದಲ ಮಳೆಗಳ ನೀರನ್ನು ಹೊರಕ್ಕೆ ಬಿಡುವುದು, ತೊಟ್ಟಿಯ ತಳದ ಕೆಸರನ್ನು ಒಣಗಲು ಬಿಡದೆ ಹಸಿಯಿರುವಾಗಲೇ ತೆಗೆಯುವುದು ವಿವೇಕ.

ನೆದರ್ಲೆಂಡ್ಸ್ ದೇಶದ ಗೋರ್ ಎಂಬ ಊರಿನ ಕಥೆಯನ್ನು ತೋಟದ ರಸ್ತೆ ಮಾಡುವವರೆಲ್ಲ ಕೇಳಬೇಕು. ಅಲ್ಲೊಂದು ಕಲ್ನಾರು ಸಿಮೆಂಟಿನ ಕಾರ್ಖಾನೆಯಿತ್ತು. 1935ರಿಂದ 1974ರವರೆಗೆ ಅದರ ತ್ಯಾಜ್ಯ ಸುತ್ತಲಿನ ರೈತರಿಗೆ ಬಿಟ್ಟಿಯಾಗಿ ಸಿಗುತ್ತಿತ್ತು. ಕೆಸರಾಗುವ ಹಾದಿ, ಕೊಟ್ಟಿಗೆಯ ಅಂಗಳಗಳಿಗೆ ಅದನ್ನು ಸುರಿದು ಗಟ್ಟಿ ಮಾಡಿಕೊಂಡರು. ಬಂಡಿ, ಸೈಕಲ್ಲು, ಟ್ರಾಕ್ಟರುಗಳು ಅದನ್ನು ಅರೆದವು. ದಶಕಗಳ ನಂತರ, ಕಾರ್ಖಾನೆಯ ಮೆಟ್ಟಿಲು ಹತ್ತದ ಹೆಂಗಸರಲ್ಲಿ ಮೀಸೋಥೀಲಿಯೋಮ ಕಾಣಿಸಿಕೊಂಡಾಗ ವೈದ್ಯರು ಕಾರಣವನ್ನು ಆ ಹಾದಿಗಳಲ್ಲಿ ಹುಡುಕಬೇಕಾಯಿತು. ಸರ್ಕಾರವೇ ಹಣ ಹಾಕಿ ಹಾದಿಗಳನ್ನು ಅಗೆದು ಶುದ್ಧಗೊಳಿಸಬೇಕಾಯಿತು. ಆ ತ್ಯಾಜ್ಯದಲ್ಲಿ ಇನ್ನೂ ಉಗ್ರವಾದ ನೀಲಿ ಕಲ್ನಾರೂ ಇದ್ದುದರಿಂದ ಇಲ್ಲಿನ ಶೀಟಿನ ಚೂರನ್ನು ಅದಕ್ಕೆ ಸರಿಸಮವೆನ್ನಲಾಗದು. ಆದರೆ ಮಳೆಗಾಲದಲ್ಲಿ ಜೀಪು ಹೂಳುವ ತೋಟದ ದಾರಿಗೆ ಒಡೆದ ಶೀಟಿನ ಚೂರು ಸುರಿಯುವ ಅಭ್ಯಾಸ ಇಲ್ಲಿಯೂ ಇದೆ. ಬೇಸಗೆಯಲ್ಲಿ ಅದೇ ದಾರಿಯ ಧೂಳು ಕುಡಿಯುತ್ತ ನಡೆದುಹೋಗುವವರು ಶಾಲೆಯ ಮಕ್ಕಳು.

ಹಾಸನ ಜಿಲ್ಲೆಗೆ ಕಲ್ನಾರು ಹೊರಗಿನಿಂದಷ್ಟೇ ಬಂದುದಲ್ಲ. ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಅದು ನೆಲದಲ್ಲಿಯೇ ಇದೆ. ಭೂವಿಜ್ಞಾನಿಗಳಿಗೆ ಇದು ಹಳೆಯ ಸಂಗತಿ. ಗ್ರೀಸಿನ ಮೆತ್ಸೊವೊ ಎಂಬ ಬೆಟ್ಟದೂರಿನಲ್ಲಿ ಕಲ್ನಾರು ಬೆರೆತ ಬಿಳಿಮಣ್ಣನ್ನು ತಲೆಮಾರುಗಳ ಕಾಲ ಗೋಡೆಗೆ ಬಳಿಯುತ್ತಿದ್ದವರಲ್ಲಿ ಇದೇ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದುದನ್ನು ನೆನೆದರೆ, ಅಂಥ ನೆಲದಲ್ಲಿ ಬಾವಿ ತೋಡುವವರಿಗೂ ಜಲ್ಲಿ ಒಡೆಯುವವರಿಗೂ ತಿಳಿವಳಿಕೆ ನೀಡುವುದು ಜಿಲ್ಲೆಯ ಕೆಲಸವೇ ಆಗಿದೆ.

ಕಾನೂನಿನ ಕಡೆ ತಿರುಗಿದರೆ ಕಾಣುವುದು ವಿಚಿತ್ರ. ಭಾರತ ಸರ್ಕಾರ 1986ರಲ್ಲಿ ಕಲ್ನಾರಿನ ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು, 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ಕಾರಣ, ಕಾರ್ಮಿಕರ ಆರೋಗ್ಯ. ಆದರೆ ಅದೇ ಖನಿಜವನ್ನು ರಷ್ಯಾ ಮೊದಲಾದ ದೇಶಗಳಿಂದ ಹಡಗಿನಲ್ಲಿ ತರಿಸಿ ಶೀಟು ಮಾಡುವುದಕ್ಕೆ ಅಡ್ಡಿಯಿಲ್ಲ. ಸ್ವದೇಶದ ಕಲ್ನಾರು ಕೊಲ್ಲುತ್ತದೆ, ಆಮದಿನದು ಕೊಲ್ಲುವುದಿಲ್ಲವೆ? ಐರೋಪ್ಯ ಒಕ್ಕೂಟ 2005ರಲ್ಲಿ, ಒಂದು ಕಾಲಕ್ಕೆ ಜಗತ್ತಿಗೇ ಕಲ್ನಾರು ಮಾರಿದ ಕೆನಡಾ 2018ರಲ್ಲಿ ಇದನ್ನು ನಿಷೇಧಿಸಿದವು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸಾರಿ, ಕಲ್ನಾರು ಉದ್ಯಮಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಆದೇಶಿಸಿತು. ಶ್ರೇಷ್ಠವಾದ ತೀರ್ಪು. ಆದರೆ ಅದು ತಲುಪುವುದು ಕಾರ್ಖಾನೆಯ ಗೇಟಿನವರೆಗೆ. ದಿನಗೂಲಿಗೆ ಬಂದು ಹಾನುಬಾಳಿನ ಗೋದಾಮಿನ ಮಾಡು ಹತ್ತಿದವನ ಹೆಸರು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ನೆರೆಯ ಕೇರಳದಲ್ಲಿ ರಾಜ್ಯ ಮಾನವ ಹಕ್ಕುಗಳ ಆಯೋಗ 2009ರಲ್ಲಿಯೇ ಶಾಲೆಗಳ ಕಲ್ನಾರು ಸೂರುಗಳನ್ನು ಬದಲಿಸುವಂತೆ ಶಿಫಾರಸು ಮಾಡಿತು. ಕರ್ನಾಟಕದ ಬೆಟ್ಟದ ತಾಲ್ಲೂಕುಗಳಲ್ಲಿ ಯಾವ ಶಾಲೆ, ಯಾವ ಅಂಗನವಾಡಿಯ ಮೇಲೆ ಏನು ಹೊದಿಸಿದೆ ಎಂಬ ಲೆಕ್ಕ ತೆಗೆಯಲು ವಿದ್ಯಾರ್ಥಿಗಳಿಗೆ ಒಂದು ಭಾನುವಾರ ಸಾಕು.

ಅಷ್ಟರಲ್ಲಿ ಕೆಲಸ ನಿಲ್ಲುವುದಿಲ್ಲ, ಮಳೆ ಕಾಯುವುದಿಲ್ಲ. ಆದ್ದರಿಂದ ಮಾಡುವ ಕೆಲಸವನ್ನೇ ಧೂಳಿಲ್ಲದಂತೆ ಮಾಡಬೇಕು. ಇಲ್ಲಿ ಎಲ್ಲಕ್ಕಿಂತ ದೊಡ್ಡ ಮದ್ದು ನೀರು. ಕಾಫಿ ಸೀಮೆಯ ಮನೆಗಳಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವ ಬೆನ್ನಿನ ಪಂಪು ಇದ್ದೇ ಇರುತ್ತದೆ. ಅದನ್ನು ಚೆನ್ನಾಗಿ ತೊಳೆದು, ನೀರಿಗೆ ಸ್ವಲ್ಪ ಸೋಪು ಬೆರೆಸಿ, ಹನಿಮಂಜಿನಂತೆ ಶೀಟಿನ ಎರಡೂ ಬದಿ ನೆನೆಸಿದರೆ ಎಳೆ ಮೇಲೇಳುವುದಿಲ್ಲ. ರಭಸದ ಪೈಪಿನಿಂದ ಹೊಡೆಯಬಾರದು. ಅದು ಎಳೆಯನ್ನು ಸುತ್ತಲೂ ಎರಚುತ್ತದೆ. ಕಟಿಂಗ್ ಮಶೀನನ್ನು ಕಲ್ನಾರಿಗೆ ತಾಕಿಸಲೇಬಾರದು. ತುಕ್ಕು ಹಿಡಿದ ಕೊಕ್ಕೆ ಬೋಲ್ಟನ್ನು ಕತ್ತರಿಸಬೇಕೇ ಹೊರತು ಶೀಟನ್ನು ಸುತ್ತಿಗೆಯಿಂದ ಒಡೆದು ಬಿಡಿಸಬಾರದು. ಇಡೀ ಶೀಟನ್ನು ಇಬ್ಬರು ಹಿಡಿದು ಇಳಿಸಬೇಕು, ಮೇಲಿನಿಂದ ಎಸೆಯಬಾರದು. ನೆನೆದ ಶೀಟು ಜಾರುತ್ತದೆ, ಹಳೆಯದು ಮನುಷ್ಯನ ಭಾರ ತಾಳದು. ಕಲ್ನಾರಿನ ಕ್ಯಾನ್ಸರಿಗೆ ಮೂವತ್ತು ವರ್ಷ ಬೇಕು, ಶೀಟು ಮುರಿದು ಕೆಳಗೆ ಬಿದ್ದರೆ ಒಂದು ಕ್ಷಣ ಸಾಕು. ಆದ್ದರಿಂದ ತೊಲೆಯಿಂದ ತೊಲೆಗೆ ಹಲಗೆ ಹಾಸದೆ ಯಾರೂ ಮೇಲೆ ಹತ್ತಬಾರದು. ಆದಷ್ಟೂ ಏಣಿಯ ಮೇಲೆ ಕೆಳಗಿನಿಂದಲೇ ಬಿಡಿಸಬೇಕು.

ಟವೆಲ್ಲೂ ಔಷಧಿ ಹೊಡೆಯುವಾಗ ಕಟ್ಟುವ ಬಟ್ಟೆಯೂ ಈ ಎಳೆಯನ್ನು ತಡೆಯಲಾರವು. ಕೊರೊನಾ ಕಾಲದಲ್ಲಿ ಎಲ್ಲರೂ ಕಂಡ ಎನ್-95 ಮುಖಗವಸು ಕನಿಷ್ಠದ ಮಟ್ಟ. ಮುಖಕ್ಕೆ ಬಿಗಿಯಾಗಿ ಕೂರದಿದ್ದರೆ ಅದೂ ವ್ಯರ್ಥ. ದಿನಗಟ್ಟಲೆ ಇದೇ ಕೆಲಸ ಮಾಡುವವರಿಗೆ ಸೂಕ್ಷ್ಮ ಧೂಳಿನ ಶೋಧಕವಿರುವ ರಬ್ಬರಿನ ಮುಖಗವಸೇ ಬೇಕು, ಅದನ್ನು ಕೊಡಿಸಬೇಕಾದವರು ಕೆಲಸ ಮಾಡಿಸುವವರು. ಕೆಲಸದ ಬಟ್ಟೆಯನ್ನು ಅಲ್ಲಿಯೇ ನೀರಲ್ಲಿ ನೆನೆಸಿ ಬೇರೆಯಾಗಿ ಒಗೆಯಬೇಕು. ಕೊಡವಬಾರದು, ಅದೇ ಬಟ್ಟೆಯಲ್ಲಿ ಮಗುವನ್ನೆತ್ತಿಕೊಳ್ಳಬಾರದು. ಅಂಗಳವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೂರುಗಳೊಡನೆಯೇ ಕಟ್ಟಿಡಬೇಕು.

ಈ ಕೆಲಸ ಮಾಡುವವರು ಯಾರೆಂಬುದನ್ನೂ ಹೇಳಬೇಕು. ಇಂದು ತೋಟಗಳಲ್ಲಿ ಅಸ್ಸಾಮು, ಜಾರ್ಖಂಡ್, ಬಿಹಾರಗಳಿಂದ ಬಂದ ಕುಟುಂಬಗಳು ಹೆಚ್ಚಿವೆ. ಹಳೆಯ ಲೈನ್ ಮನೆಗಳಲ್ಲಿ ಸವೆದ ಶೀಟಿನ ಕೆಳಗೆ ಮಲಗುವವರೂ ಅವರೇ, ಆ ಶೀಟನ್ನು ಬಿಚ್ಚಲು ಕಳುಹಿಸಲ್ಪಡುವವರೂ ಅವರೇ. ಎರಡು ವರ್ಷ ಇಲ್ಲಿದ್ದು ಮತ್ತೊಂದೂರಿಗೆ ಹೋಗುವ ಅವರಿಗೆ ಮುಂದೊಂದು ದಿನ ಎಲ್ಲಿಯೋ ಉಸಿರು ಕಟ್ಟಿದಾಗ ಹಾನುಬಾಳಿನ ಹೆಸರು ಯಾವ ವೈದ್ಯನಿಗೂ ಗೊತ್ತಿರುವುದಿಲ್ಲ. ಇನ್ನೊಂದು ಬದಿಗೆ, ಹಳೆಯ ಲೈನುಗಳನ್ನು ಒಡೆದು ಹೋಮ್‌ಸ್ಟೇ ಮಾಡುವ ಭರಾಟೆಯಲ್ಲಿ ದಿನಕ್ಕೆ ನೂರಾರು ಶೀಟು ಪುಡಿಯಾಗುತ್ತಿವೆ. ಕೆಡವಿದ ತೊಟ್ಟಿ ಮನೆಗಳ ಮಂಗಳೂರು ಹೆಂಚು ಅತಿಥಿಗಳ ತಲೆಯ ಮೇಲೇರುತ್ತದೆ, ಆಳಿನ ತಲೆಯ ಮೇಲೆ ಮತ್ತೆ ಹೊಸ ಸಿಮೆಂಟ್ ಶೀಟು. ಕಲ್ನಾರಿಲ್ಲದ ನಾರಿನ ಶೀಟು, ಬಣ್ಣದ ತಗಡು, ಮರುಬಳಕೆಯ ಹೆಂಚು ಎಲ್ಲವೂ ಪೇಟೆಯಲ್ಲಿ ಸಿಗುವಾಗ ಈ ಆಯ್ಕೆಗೆ ತಿಳಿವಳಿಕೆಯ ಕೊರತೆಯೊಂದೇ ಕಾರಣವೆನ್ನಲು ಮನಸ್ಸು ಒಪ್ಪದು. ತಗಡು ಮಳೆಯಲ್ಲಿ ಸದ್ದು ಮಾಡುತ್ತದೆ, ಬಿಸಿಲಲ್ಲಿ ಕಾಯುತ್ತದೆ, ನಿಜ. ಒಳಗೊಂದು ಬಿದಿರಿನ ತಟ್ಟಿ ಕಟ್ಟಿದರೆ ಎರಡೂ ತಗ್ಗುತ್ತವೆ.

ಹಲವು ವರ್ಷ ಶೀಟು, ಗಾರೆ, ಬ್ರೇಕ್ ಲೈನರುಗಳ ಕೆಲಸ ಮಾಡಿದವರು ಕೆಮ್ಮಿಗೋ ಏದುಸಿರಿಗೋ ಸಕಲೇಶಪುರದ ಆಸ್ಪತ್ರೆಗೆ ಹೋದಾಗ, ಹಾಸನದ ವೈದ್ಯಕೀಯ ಕಾಲೇಜಿಗೆ ಹೋದಾಗ, ಕ್ಷಯದ ಪರೀಕ್ಷೆಯನ್ನು ಮಾಡಿಸಿಕೊಳ್ಳಲೇಬೇಕು. ಅದರ ಜೊತೆಗೆ ತಾವು ಮಾಡಿದ ಕೆಲಸವನ್ನು ವೈದ್ಯರು ಕೇಳದಿದ್ದರೂ ಹೇಳಬೇಕು, ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಆಸ್ಬೆಸ್ಟೋಸಿಸ್ ಪರಿಹಾರಕ್ಕೆ ಅರ್ಹವಾದ ವೃತ್ತಿರೋಗವೆಂದು ಕಾನೂನು ಒಪ್ಪಿದೆ, ಆದರೆ ಬರಹದಲ್ಲಿಲ್ಲದ ಕೆಲಸಕ್ಕೆ ಪರಿಹಾರ ಕೇಳುವುದು ಕಷ್ಟ.

ಉಳಿದಿರುವುದು ಒಡೆದ ಶೀಟಿನ ಗತಿ. 2018 ಮತ್ತು 2019ರ ಆಗಸ್ಟ್ ಮಳೆಗಳಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆಗಳುರುಳಿದಾಗ, ಬತ್ತದ ವಾಸನೆ ಹಿಡಿದು ಬಂದ ಆನೆ ಗೋದಾಮಿನ ಮಾಡು ಎಳೆದಾಗ, ಚೂರುಗಳನ್ನು ಹಳ್ಳಕ್ಕೋ ಗುಂಡಿಗೋ ತಳ್ಳುವುದಲ್ಲದೆ ಜನರಿಗೆ ಬೇರೆ ದಾರಿಯಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಲ್ನಾರಿನ ತ್ಯಾಜ್ಯ ಇದೆ. ಅಂಥದನ್ನು ಹೂಳುವ ವ್ಯವಸ್ಥೆ ಇರುವುದು ಬೆಂಗಳೂರಿಗೆ ಈಚೆಯ ದಾಬಸ್‌ಪೇಟೆಯ ಬಳಿ, ಅದೂ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಾಲ್ಕು ಶೀಟು ಒಡೆದ ರೈತ ಇನ್ನೂರು ಕಿಲೋಮೀಟರ್ ಹೋಗಬೇಕೆನ್ನುವುದು ನಿಯಮವಲ್ಲ, ಅಣಕ. ಹೋಬಳಿಗೊಂದರಂತೆ ಗ್ರಾಮ ಪಂಚಾಯತಿಗಳು ಸೂರಿರುವ, ಬೀಗವಿರುವ ಒಂದು ಜಾಗವನ್ನು ಗೊತ್ತುಮಾಡಬೇಕು. ಜನ ನೆನೆಸಿ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಟೇಪು ಹಾಕಿ ತಂದದ್ದನ್ನು ಅಲ್ಲಿ ಬರೆದಿಟ್ಟುಕೊಂಡು ಸ್ವೀಕರಿಸಬೇಕು. ವರ್ಷಕ್ಕೊಮ್ಮೆ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುನ್ನ, ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಣೆಯಲ್ಲಿ ಒಂದು ಲಾರಿ ಬಂದು ಒಯ್ಯಬೇಕು. ಇದರ ವೆಚ್ಚವನ್ನು ಶೀಟು ತಯಾರಿಸಿ ಮಾರುವವರಿಂದಲೇ ವಸೂಲು ಮಾಡುವುದು ನ್ಯಾಯ. ಆ ದಿನ ಬರುವತನಕ ಒಡೆದ ಶೀಟನ್ನು ಮತ್ತಷ್ಟು ಪುಡಿ ಮಾಡದೆ, ಸುತ್ತಿ ಕಟ್ಟಿ, ಮಕ್ಕಳೂ ದನಗಳೂ ತುಳಿಯದ ಮೂಲೆಯಲ್ಲಿ ಗುರುತು ಹಾಕಿ ಇಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಬರಹದಲ್ಲಿ ಮಂಡಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಕೊಂಡೇ ಎದ್ದು ಬರಬೇಕು.